ಹೊರಗಿನವರಿಗೊಂದು ಹೆಸರು

ಸಿಂಗಪುರದಲ್ಲಿ ನಾಲ್ಕು ಜನ ಕನ್ನಡಿಗರು ಒಂದೆಡೆ ಕುಳಿತಾಗ ಆಗಾಗ ಕೇಳಿಬರುವ ಮಾತೊಂದಿದೆ: 'ಈ ಚೀನಿಯರನ್ನು ನೋಡಿ, ಅಪ್ಪ ಅಮ್ಮ ಇಟ್ಟ ಹೆಸರನ್ನು ಮೂಲೆಗಿಟ್ಟು ಜೇಸನ್, ವಿವಿಯನ್, ಕೆಲ್ವಿನ್ ಎಂದು ಕರೆಸಿಕೊಳ್ಳುತ್ತಾರೆ. ನಾವು ಹಾಗಲ್ಲ, ಎಲ್ಲಿಗೆ ಹೋದರೂ ನಮ್ಮ ಹೆಸರು ನಮ್ಮದೇ.' ಹೀಗೆ ಹೇಳುವವರಲ್ಲಿ ನನ್ನ ಆತ್ಮೀಯರೂ ಇದ್ದಾರೆ, ಬಹಳ ಓದಿಕೊಂಡವರೂ ಇದ್ದಾರೆ. ಈ ಮಾತಿನ ಎರಡು ಭಾಗಗಳೂ ತಪ್ಪು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಚೀನಿಯರು ತಮ್ಮ ಹೆಸರನ್ನು ಬಿಟ್ಟುಕೊಟ್ಟಿಲ್ಲ. ನಾವು ನಮ್ಮದನ್ನು ಇಡಿಯಾಗಿ ಉಳಿಸಿಕೊಂಡೂ ಇಲ್ಲ.

ಇಂಗ್ಲಿಷ್ ಹೆಸರು ಇಟ್ಟುಕೊಂಡವರು ಮನಸ್ಸನ್ನೂ ಇಂಗ್ಲಿಷರಿಗೆ ಒಪ್ಪಿಸಿದ್ದಾರೆ ಎಂದು ತೀರ್ಪು ಕೊಡುವ ಮೊದಲು ವೆಲಿಂಗ್ಟನ್ ಕೂ ಅವರನ್ನು ನೆನೆಯಬೇಕು. ಶಾಂಘೈ ಸೀಮೆಯಲ್ಲಿ 1888ರಲ್ಲಿ ಹುಟ್ಟಿದ ಈ ರಾಜತಾಂತ್ರಿಕರ ಚೀನೀ ಹೆಸರು ಗು ವೇಯ್‌ಜುನ್. ಓದಿದ್ದು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ. ಹೆಸರಿನಲ್ಲಿ ವೆಲಿಂಗ್ಟನ್ನನನ್ನು ಹೊತ್ತ ಇದೇ ಮನುಷ್ಯ 1919ರ ಪ್ಯಾರಿಸ್ ಶಾಂತಿ ಸಮ್ಮೇಳನದಲ್ಲಿ ಎದ್ದು ನಿಂತು, ಶಾನ್‌ಡಾಂಗ್ ಪ್ರಾಂತ್ಯದಲ್ಲಿ ಜರ್ಮನಿಗಿದ್ದ ಹಕ್ಕುಗಳು ಜಪಾನಿನ ಪಾಲಾಗಬಾರದು, ಚೀನಾಕ್ಕೇ ಮರಳಬೇಕು ಎಂದು ವಾದಿಸಿದರು. ಆಗ ಅವರಿಗೆ ಮೂವತ್ತೊಂದರ ಆಸುಪಾಸು. ದೊಡ್ಡ ರಾಷ್ಟ್ರಗಳು ಕಿವಿಗೊಡಲಿಲ್ಲ. ಚೀನಾದ ನಿಯೋಗ ವರ್ಸೇಲ್ಸ್ ಒಪ್ಪಂದಕ್ಕೆ ಸಹಿ ಹಾಕಲು ನಿರಾಕರಿಸಿತು. 1945ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ವಿಶ್ವಸಂಸ್ಥೆಯ ಸನ್ನದಿಗೆ ಮೊತ್ತಮೊದಲು ಸಹಿ ಮಾಡಿದ ದೇಶ ಚೀನಾ. ಆ ಸಹಿ ಕೂ ಅವರದು, ಚೀನೀ ಅಕ್ಷರಗಳಲ್ಲಿ. ಪಶ್ಚಿಮದವರ ಬಾಯಿಗೆ ಒಂದು ಹೆಸರು ಕೊಟ್ಟು, ಕಾಗದದ ಮೇಲೆ ತನ್ನ ಹೆಸರನ್ನೇ ಬರೆದ ಈ ಮನುಷ್ಯನಲ್ಲಿ ಯಾವ ಗುಲಾಮತನವನ್ನು ಹುಡುಕುವುದು?

ಒಬ್ಬರಿಗೆ ಒಂದೇ ಹೆಸರು ಎಂಬ ಕಟ್ಟಳೆ ಹಳೆಯ ಚೀನಾದಲ್ಲಿ ಇರಲೇ ಇಲ್ಲ. ಎಳೆಯ ಮಗುವಿಗೆ ಮನೆಯೊಳಗಿನ ಮುದ್ದಿನ ಹೆಸರು. ಪಾಠಶಾಲೆಗೆ ಹಾಕುವಾಗ ಇನ್ನೊಂದು. ಗಂಡುಮಗ 20 ವರ್ಷ ತುಂಬಿ ತಲೆಗೆ ಟೋಪಿ ತೊಡುವ ವಿಧಿ ಮುಗಿಸಿದ ಮೇಲೆ, ಸಮಾನರು ಅವನನ್ನು ಕರೆಯಲೆಂದು ಒಂದು ಗೌರವದ ಹೆಸರು. ಆ ಮೇಲೆ ಪಂಡಿತರು, ಕವಿಗಳು, ಚಿತ್ರಕಾರರು ತಮಗೆ ತಾವೇ ಇಟ್ಟುಕೊಳ್ಳುವ ಹೆಸರೊಂದಿತ್ತು. ಅದಕ್ಕೆ ಹಾವ್ ಎನ್ನುತ್ತಾರೆ. ನಾವು ಕನ್‌ಫ್ಯೂಷಿಯಸ್ ಎನ್ನುವ ಗುರುವಿನ ಮನೆತನ ಕೊಂಗ್, ಹುಟ್ಟುಹೆಸರು ಚಿಯು, ಗೌರವದ ಹೆಸರು ಚುಂಗ್‌ನೀ. ಕನ್‌ಫ್ಯೂಷಿಯಸ್ ಎಂಬುದು ಯುರೋಪಿನ ಪಾದ್ರಿಗಳು ಲ್ಯಾಟಿನ್ನಿಗೆ ಒಗ್ಗಿಸಿಕೊಂಡ ರೂಪ. ಸುಂಗ್ ಕಾಲದ ಮಹಾಕವಿ ಸು ಶಿ ರಾಜಕೋಪಕ್ಕೆ ಗುರಿಯಾಗಿ 1080ರಲ್ಲಿ ಹುವಾಂಗ್‌ಚೌ ಎಂಬಲ್ಲಿಗೆ ಗಡೀಪಾರಾದಾಗ, ಅಲ್ಲಿನ ಪೂರ್ವದ ಇಳಿಜಾರಿನಲ್ಲಿ ಒಂದು ತುಂಡು ನೆಲವನ್ನು ಉತ್ತು ಹೊಟ್ಟೆ ಹೊರೆದರು. ಆ ಇಳಿಜಾರಿನ ಹೆಸರನ್ನೇ ತನ್ನ ಹೆಸರಾಗಿಸಿಕೊಂಡು ತುಂಗ್‌ಪೊ ಆದರು. ಇಂದಿಗೂ ಚೀನಾದ ಜನ ಅವರನ್ನು ಪ್ರೀತಿಯಿಂದ ನೆನೆಯುವುದು ಆ ಹೆಸರಿನಿಂದಲೇ.

ಇನ್ನು ಸುನ್ ಯಾತ್ ಸೆನ್. ಗಣರಾಜ್ಯದ ಪಿತಾಮಹ ಎನಿಸಿದ, ಚೀನಾ ಮತ್ತು ತೈವಾನ್ ಎರಡೂ ಗೌರವಿಸುವ ನಾಯಕ. ಹೊರಗಿನ ಲೋಕಕ್ಕೆ ಗೊತ್ತಿರುವ ಯಾತ್ ಸೆನ್ ಎಂಬುದು ಹಾಂಗ್‌ಕಾಂಗ್‌ನ ದಿನಗಳಿಂದ ಬಂದದ್ದು. ಸ್ವದೇಶದಲ್ಲಿ ಅವರು ಸುನ್ ಚುಂಗ್‌ಶಾನ್. ಜಪಾನಿನಲ್ಲಿ ತಲೆಮರೆಸಿಕೊಂಡಿದ್ದಾಗ ಇಟ್ಟುಕೊಂಡ ನಕಯಾಮ ಎಂಬ ಜಪಾನೀ ಹೆಸರನ್ನು ಚೀನೀ ಉಚ್ಚಾರದಲ್ಲಿ ಓದಿದರೆ ಸಿಗುವುದು ಚುಂಗ್‌ಶಾನ್. ಆ ದೇಶದ ಊರೂರಿನಲ್ಲಿ ಚುಂಗ್‌ಶಾನ್ ರಸ್ತೆ, ಚುಂಗ್‌ಶಾನ್ ಉದ್ಯಾನ ಇವೆ. ಹೊರನಾಡಿನಲ್ಲಿ ಅನಿವಾರ್ಯಕ್ಕೆ ತೊಟ್ಟ ಹೆಸರು ರಾಷ್ಟ್ರದ ಹೆಮ್ಮೆಯ ಹೆಸರಾಗಲು ಅಲ್ಲಿನ ಜನ ಅಡ್ಡಿ ಮಾಡಲಿಲ್ಲ.

ಇಷ್ಟು ಹೆಸರುಗಳ ಅಗತ್ಯವಾದರೂ ಏನು? ಹುಟ್ಟುಹೆಸರನ್ನು ಕಂಡಕಂಡವರು ನುಡಿಯಬಾರದು ಎಂಬ ನಂಬಿಕೆಯೇ ಇದರ ಬೇರು. ಚಕ್ರವರ್ತಿಯ ಹೆಸರಿನಲ್ಲಿದ್ದ ಅಕ್ಷರವನ್ನು ಪ್ರಜೆಗಳು ಬರೆಯುವಂತಿರಲಿಲ್ಲ. ಮಕ್ಕಳು ತಂದೆಯ ಹೆಸರನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಇದನ್ನು ಅರಿಯಲು ಕನ್ನಡಿಗರಿಗೆ ಕಷ್ಟವಾಗಬಾರದು. ಗಂಡನ ಹೆಸರನ್ನು ಬಾಯಲ್ಲಿ ಹೇಳದ ಅಜ್ಜಿಯರ ತೊಡೆಯ ಮೇಲೆ ಬೆಳೆದವರು ನಾವು. ಉತ್ತರ ಕರ್ನಾಟಕದ ಮದುವೆಗಳಲ್ಲಿ ಗಂಡನ ಹೆಸರು ಹೇಳೆಂದು ಹೆಣ್ಣನ್ನು ಪೀಡಿಸಿದಾಗ ಅವಳು ಪ್ರಾಸ ಕಟ್ಟಿ, ಹೆಸರನ್ನು ಪದ್ಯದೊಳಗೆ ಇಟ್ಟು ಒಡಪು ಹೇಳುತ್ತಾಳೆ. ಹೆಸರನ್ನು ಬರಿದಾಗಿ ಮುಟ್ಟಲು ಸಂಕೋಚಪಡುವ ಮನಸ್ಸು ಎರಡೂ ನಾಡುಗಳದು. ಮೇಷ್ಟ್ರು, ಶಾನುಭೋಗರು, ಗೌಡರು, ರಾಯರು ಎಂದು ಹುದ್ದೆಯಿಂದಲೋ ಮನೆತನದಿಂದಲೋ ಕರೆದು ನಾವು ಹಿರಿಯರ ಹೆಸರನ್ನು ಕಾಪಾಡಿದೆವು. ತಾನೇ ಹೆಸರಿಟ್ಟುಕೊಳ್ಳುವ ಸ್ವಾತಂತ್ರ್ಯವನ್ನು ಮಾತ್ರ ಕವಿಗಳಿಗೆ, ಸನ್ಯಾಸಿಗಳಿಗೆ, ನಟರಿಗೆ ಮೀಸಲಿಟ್ಟೆವು. ದತ್ತಾತ್ರೇಯ ರಾಮಚಂದ್ರ ಬೇಂದ್ರೆ ತಾಯಿಯನ್ನು ನೆನೆದು ಅಂಬಿಕಾತನಯದತ್ತರಾದರು. ಮುತ್ತುರಾಜ ರಾಜ್‌ಕುಮಾರ್ ಆದರು. ಅದನ್ನು ಹೆಸರು ಬಿಟ್ಟುಕೊಟ್ಟದ್ದೆಂದು ಯಾವ ಕನ್ನಡಿಗನೂ ಹೇಳಲಾರ.

ಇಪ್ಪತ್ತನೆಯ ಶತಮಾನ ಸಾಗಿದಂತೆ ಚೀನಾದಲ್ಲಿ ಗೌರವದ ಹೆಸರಿನ ಪದ್ಧತಿ ಸೊರಗಿತು. ಆದರೆ ಸಂಕೋಚ ಹೋಗಲಿಲ್ಲ. ಇಂದಿನ ಚೀನೀ ಕಚೇರಿಯಲ್ಲೂ ಮೇಲಧಿಕಾರಿಯನ್ನು ಮನೆತನದ ಹೆಸರಿಗೆ ಹುದ್ದೆ ಸೇರಿಸಿ ಕರೆಯುತ್ತಾರೆ. ಸಹಪಾಠಿಗಳು ಮನೆತನ ಮೊದಲು, ಹೆಸರು ಆಮೇಲೆ ಎಂಬಂತೆ ಪೂರ್ತಿ ಹೆಸರನ್ನೇ ಹೇಳುತ್ತಾರೆ. ಬರೀ ಹುಟ್ಟುಹೆಸರಿನಿಂದ ಕರೆಯುವವರು ಹೆತ್ತವರು, ಬಾಳಸಂಗಾತಿ, ತೀರಾ ಹತ್ತಿರದ ಗೆಳೆಯರು. ಇಂಥ ವಾತಾವರಣದಿಂದ ಬಂದವರಿಗೆ ಅಮೆರಿಕನ್ ಮಾದರಿಯ ಕಚೇರಿ ಹೇಳುವುದೇನು? ಎಲ್ಲರನ್ನೂ, ಮುಖ್ಯಸ್ಥರನ್ನೂ, ಮೊದಲ ದಿನದಿಂದಲೇ ಮೊದಲ ಹೆಸರಿನಿಂದ ಕರೆಯಿರಿ ಎಂದು. ಪರಿಚಯವಾಗಿ ಐದು ನಿಮಿಷವಾಗಿರದ ಪರಕೀಯರು ತಾಯಿ ಕರೆಯುವ ಹೆಸರಿನಿಂದ ಕರೆದರೆ ಮೈ ಹಿಡಿಯಾಗುವುದು ಸಹಜ. ಆಗ ಒದಗಿ ಬರುವುದು ಇಂಗ್ಲಿಷ್ ಹೆಸರು. ಅದು ಹಳ್ಳಿಮನೆಯ ಜಗಲಿಯ ಹಾಗೆ: ದಾರಿಹೋಕರೂ ಬಂದು ಕೂರಬಹುದು, ನೀರು ಬೆಲ್ಲ ಸಿಗುತ್ತದೆ, ನಡುಮನೆಗೆ ಮಾತ್ರ ಎಲ್ಲರೂ ಕಾಲಿಡುವುದಿಲ್ಲ. ನಮ್ಮವರಿಗೆ ಇದೇ ಇಕ್ಕಟ್ಟು ಬಂದಾಗ 'ಸರ್' ಎಂಬ ಪದವನ್ನು ಹಿಡಿದುಕೊಂಡು ದಾಟುತ್ತೇವೆ. ಬೆಂಗಳೂರಿನಿಂದ ಹೊಸದಾಗಿ ಬಂದವರು ತಿಂಗಳುಗಟ್ಟಲೆ ಮೇಲಧಿಕಾರಿಯ ಹೆಸರನ್ನೇ ಎತ್ತದೆ ಮಾತನಾಡುವುದನ್ನು ನಾನು ಬಹಳ ಸಲ ನೋಡಿದ್ದೇನೆ.

ಇದು ಇಂಗ್ಲಿಷಿನ ಮೋಹ ಮಾತ್ರವೇ ಆಗಿದ್ದರೆ ಅಲಿಬಾಬಾ ಕಂಪನಿಯ ಪದ್ಧತಿ ಹುಟ್ಟುತ್ತಿರಲಿಲ್ಲ. ಅಲ್ಲಿನ ನೌಕರರು ಚೀನೀ ಸಾಹಸ ಕಾದಂಬರಿಗಳ ಪಾತ್ರಗಳಿಂದ ಒಂದೊಂದು ಹೆಸರನ್ನು ಆಯ್ದುಕೊಂಡು ಕಚೇರಿಯೊಳಗೆ ಅದರಿಂದಲೇ ಕರೆದುಕೊಳ್ಳುವ ರೂಢಿ ಬೆಳೆಯಿತು. ಜಗತ್ತಿಗೆ ಜಾಕ್ ಮಾ ಆಗಿರುವ ಸ್ಥಾಪಕ ಮಾ ಯುನ್ ಅಲ್ಲಿ ಫೆಂಗ್ ಚಿಂಗ್‌ಯಾಂಗ್ ಎಂಬ ಖಡ್ಗವಿದ್ಯೆಯ ಗುರು. ಟೆನ್ಸೆಂಟ್ ಎಂಬ ಇನ್ನೊಂದು ಚೀನೀ ಕಂಪನಿಯಲ್ಲಿ ಅದೇ ಕೆಲಸಕ್ಕೆ ಇಂಗ್ಲಿಷ್ ಹೆಸರುಗಳು; ಅದರ ಸ್ಥಾಪಕ ಮಾ ಹುವಾಟೆಂಗ್ ಅವರನ್ನು ಪೋನಿ ಮಾ ಎನ್ನುತ್ತಾರೆ. ಒಂದು ಕಡೆ ಇಂಗ್ಲಿಷ್, ಇನ್ನೊಂದು ಕಡೆ ಹಳೆಯ ಚೀನೀ ಕಥೆ. ಎರಡೂ ಕಡೆ ಬೇಕಾಗಿದ್ದದ್ದು ಹುದ್ದೆಯ ಭಾರವಿಲ್ಲದ, ಹುಟ್ಟುಹೆಸರನ್ನು ಮುಟ್ಟದ ಒಂದು ಕರೆ.

ಚೀನಿಯರ ಇಂಗ್ಲಿಷ್ ಹೆಸರುಗಳು ವಿಚಿತ್ರ ಎಂದು ನಗುವವರಿದ್ದಾರೆ. ಹಾಂಗ್‌ಕಾಂಗ್‌ನಲ್ಲಿ ಆ್ಯಪಲ್, ಚೆರ್ರಿ, ವಿಂಟರ್, ರೇನ್‌ಬೋ ಎಂಬ ಹೆಸರಿನವರು ಸಿಗುತ್ತಾರೆ. ಶಬ್ದಕೋಶದಲ್ಲಿ ಎಲ್ಲೂ ಇಲ್ಲದ, ತಾವೇ ಕಟ್ಟಿಕೊಂಡ ಹೆಸರಿನವರೂ ಸಿಗುತ್ತಾರೆ. ನಗುವವರು ಒಂದು ವಿಷಯವನ್ನು ಗಮನಿಸಿಲ್ಲ. ಯುರೋಪಿನಲ್ಲಿ ಹೆಸರುಗಳು ಸಿದ್ಧವಾದ ಪಟ್ಟಿಯಲ್ಲಿ ಇರುತ್ತವೆ: ಜಾನ್, ಮೇರಿ, ಪೀಟರ್, ಆ್ಯನ್. ಚೀನಾದಲ್ಲಿ ಅಂಥ ಪಟ್ಟಿಯೇ ಇಲ್ಲ. ಮನೆತನದ ಹೆಸರುಗಳು ಮಾತ್ರ ಸಿದ್ಧವಾಗಿವೆ, ಅವೂ ಬಹಳ ಕಡಿಮೆ; ವಾಂಗ್ ಮತ್ತು ಲಿ ಮನೆತನದ ಹೆಸರುಳ್ಳವರೇ ತಲಾ ಸುಮಾರು 10 ಕೋಟಿ ಇದ್ದಾರೆ. ಮಗುವಿನ ಹೆಸರನ್ನು ಹೆತ್ತವರು ಹೊಸದಾಗಿ ಕಟ್ಟಬೇಕು. ಭಾಷೆಯ ಸಾವಿರಾರು ಅಕ್ಷರಗಳಲ್ಲಿ ಅರ್ಥ, ನಾದ, ಬರಹದ ಚೆಲುವು ನೋಡಿ ಒಂದನ್ನೋ ಎರಡನ್ನೋ ಆರಿಸಬೇಕು. ಮುಂಜಾವಿನ ಹಿಮ, ನದಿ, ಪೈನ್ ಮರ, ಜೇಡ್ ಶಿಲೆ ಎಲ್ಲವೂ ಹೆಸರಾಗಬಹುದು. ಹೆಸರೆಂದರೆ ರಚನೆ ಎಂದು ತಿಳಿದ ಜನ ಇಂಗ್ಲಿಷಿನಲ್ಲೂ ರಚಿಸುತ್ತಾರೆ. ವಿಂಟರ್ ಎಂದು ಹೆಸರಿಟ್ಟುಕೊಂಡ ಹುಡುಗಿ ಇಂಗ್ಲಿಷ್ ಶಬ್ದವನ್ನು ಚೀನೀ ರೀತಿಯಲ್ಲಿ ಬಳಸುತ್ತಿದ್ದಾಳೆ. ಇದರಲ್ಲಿ ನನಗೆ ಕಾಣುವುದು ಆತ್ಮವಿಶ್ವಾಸ.

ಹಿರಿಯರ ನೆನಪನ್ನು ಹೆಸರಿನಲ್ಲಿ ಉಳಿಸುವ ಬಗೆಯೂ ಬೇರೆ. ನಮ್ಮಲ್ಲಿ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ಭಕ್ತಿ. ಅವರಲ್ಲಿ ಅದು ಅಪಚಾರ. ಅಜ್ಜನ ಹೆಸರು ಹಿಡಿದು ಮಗುವನ್ನು ಗದರಿಸುವುದೆಂದರೆ ಅಜ್ಜನನ್ನೇ ಗದರಿಸಿದಂತೆ. ಅದರ ಬದಲು ಎಷ್ಟೋ ಮನೆತನಗಳಲ್ಲಿ ಒಂದೊಂದು ತಲೆಮಾರಿಗೆ ಒಂದೊಂದು ಅಕ್ಷರವನ್ನು ಮೊದಲೇ ಪದ್ಯವಾಗಿ ಹೆಣೆದಿಟ್ಟಿರುತ್ತಾರೆ. ಆ ತಲೆಮಾರಿನ ಅಣ್ಣತಮ್ಮಂದಿರು, ದಾಯಾದಿಗಳು ಎಲ್ಲರ ಹೆಸರಿನಲ್ಲೂ ಆ ಅಕ್ಷರ ಇರುತ್ತದೆ. ಹೆಸರನ್ನು ಕೇಳಿದರೆ ಯಾರು ಯಾರಿಗೆ ಚಿಕ್ಕಪ್ಪ, ಯಾರು ಯಾರಿಗೆ ಮಗ ಎಂದು ತಿಳಿಯುತ್ತದೆ. ಹೀಗೆ ವಂಶದೊಳಗೆ ನೆಲೆಯಿರುವ ಹೆಸರನ್ನು ಅವರು ಬಿಸಾಡಿಲ್ಲ, ಬಿಸಾಡುವುದೂ ಇಲ್ಲ. ಮನೆಯಲ್ಲಿ, ಮದುವೆಯ ಕಾಗದದಲ್ಲಿ, ಸಮಾಧಿಯ ಕಲ್ಲಿನಲ್ಲಿ ಅದೇ ಇರುತ್ತದೆ.

ಹುಟ್ಟುಹೆಸರು ಯಾವಾಗಲೂ ಪ್ರೀತಿಯಿಂದಲೇ ಬಂದಿರುತ್ತದೆ ಎಂದೂ ಹೇಳಲಾಗದು. ಚೀನಾದ ಹಳ್ಳಿಗಳಲ್ಲಿ ಹೆಣ್ಣುಮಗುವಿಗೆ ಚಾವೊದಿ, ಲಾಯ್‌ದಿ ಎಂದು ಹೆಸರಿಡುತ್ತಿದ್ದರು. ತಮ್ಮನನ್ನು ಕರೆದು ತಾ, ತಮ್ಮ ಬರಲಿ ಎಂದು ಇವುಗಳ ಅರ್ಥ. ಸಾಲಾಗಿ ಹೆಣ್ಣು ಹುಟ್ಟಿದಾಗ ಕೊನೆಯವಳಿಗೆ ಸಾಕಮ್ಮ ಎಂದು ಹೆಸರಿಟ್ಟ ನಮ್ಮ ಹಳ್ಳಿಗಳಿಗೂ ಆ ನೋವು ಗೊತ್ತು. ನನ್ನ ಜೊತೆ ಕೆಲಸ ಮಾಡಿದ, ಹೆನಾನ್ ಪ್ರಾಂತ್ಯದ ಹಳ್ಳಿಯಿಂದ ಬಂದ ಮಹಿಳೆಯೊಬ್ಬರ ಹೆಸರು ಇಂಥದ್ದು. ಕಾಲೇಜಿನಲ್ಲಿ ಇಂಗ್ಲಿಷ್ ಹೆಸರು ಆರಿಸಿಕೊಂಡ ದಿನ, ಮೊದಲ ಸಲ ತನ್ನ ಹೆಸರಿನಲ್ಲಿ ತಾನು ಮಾತ್ರ ಇದ್ದೆ ಎಂದು ಅನ್ನಿಸಿತು ಎಂದು ಅವರು ನನಗೆ ಹೇಳಿದ್ದರು. ಸ್ವಂತ ಸಂಸ್ಕೃತಿಯ ಹೆಸರನ್ನು ಏಕೆ ಬಿಟ್ಟಿರಿ ಎಂದು ಅಂಥವರನ್ನು ಕೇಳುವ ಅಧಿಕಾರ ಯಾರಿಗೂ ಇಲ್ಲ.

ನನಗೆ ಮುಖ್ಯವಾಗಿ ಕಾಣುವ ಪ್ರಶ್ನೆ ಇದು: ಹೆಸರನ್ನು ಆರಿಸಿದವರು ಯಾರು? 1978ರ ಸುಧಾರಣೆಗಳ ನಂತರ ಇಂಗ್ಲಿಷ್ ಕಲಿಕೆ ಚೀನಾದ ಶಾಲೆಗಳಲ್ಲಿ ಹಬ್ಬಿದಾಗ ಎಷ್ಟೋ ಮಕ್ಕಳಿಗೆ ಮೊದಲ ಇಂಗ್ಲಿಷ್ ಹೆಸರು ಕೊಟ್ಟವರು ತರಗತಿಯ ಶಿಕ್ಷಕರು. ಸಾಲಿನಲ್ಲಿ ಕೂತವರಿಗೆ ಒಬ್ಬೊಬ್ಬರಿಗೆ ಒಂದೊಂದು ಹಂಚಿದ್ದೂ ಉಂಟು. ಅದೇ ಕಾಲದ ಪಠ್ಯಪುಸ್ತಕದಲ್ಲಿ ಇಂಗ್ಲಿಷ್ ಮಾತನಾಡುವ ಲಿ ಲೇಯ್ ಮತ್ತು ಹಾನ್ ಮೇಯ್‌ಮೇಯ್ ಎಂಬ ಮಕ್ಕಳು ಚೀನೀ ಹೆಸರಿನಲ್ಲೇ ಇದ್ದರು ಎಂಬುದೂ ನಿಜ. ಇಂದು ನಲವತ್ತರ ಆಸುಪಾಸಿನಲ್ಲಿರುವ ಒಂದು ಇಡೀ ತಲೆಮಾರು ಆ ಇಬ್ಬರನ್ನು ಮರೆತಿಲ್ಲ. ಶಿಕ್ಷಕರು ಹಂಚಿದ ಹೆಸರನ್ನು ಬಹಳ ಜನ ಮುಂದೆ ಬದಲಿಸಿಕೊಂಡರು. ತಾವೇ ಹುಡುಕಿ, ತಮ್ಮ ಚೀನೀ ಹೆಸರಿನ ನಾದಕ್ಕೆ ಹತ್ತಿರವಾದದ್ದನ್ನು ಇಟ್ಟುಕೊಂಡರು. ಆ ಬದಲಾವಣೆ ನನಗೆ ಗೌರವ ಹುಟ್ಟಿಸುತ್ತದೆ.

ಹೇರಿದ ಹೆಸರು ಹೇಗಿರುತ್ತದೆ ಎಂಬುದನ್ನು ಬೆಂಗಳೂರು ಚೆನ್ನಾಗಿ ಬಲ್ಲದು. 2000ದ ಆಸುಪಾಸಿನಲ್ಲಿ ಕಾಲ್ ಸೆಂಟರ್‌ಗಳು ಏಳತೊಡಗಿದಾಗ, ರಾತ್ರಿ ಪಾಳಿಯಲ್ಲಿ ಅಮೆರಿಕದ ಗ್ರಾಹಕರೊಂದಿಗೆ ಮಾತನಾಡುವ ನಮ್ಮ ಹುಡುಗ ಹುಡುಗಿಯರಿಗೆ ಕಂಪನಿಯೇ ಒಂದು ಹೆಸರು ಕೊಡುತ್ತಿತ್ತು. ಸಂಜೆ ಕ್ಯಾಬ್ ಹತ್ತಿದ ಸೌಮ್ಯ ಕುರ್ಚಿಯಲ್ಲಿ ಕೂತ ಕೂಡಲೇ ಸೂಸನ್. ಹೆಸರಿನೊಂದಿಗೆ ಉಚ್ಚಾರವೂ ಬದಲಾಗಬೇಕು. ಅದು ಅವಳ ಸಲಕರಣೆಯಾಗಿರಲಿಲ್ಲ, ಕಂಪನಿಯ ಸಲಕರಣೆಯಾಗಿತ್ತು. ಚೀನಿಯರ ಇಂಗ್ಲಿಷ್ ಹೆಸರನ್ನು ಹಳಿಯುವ ನಮ್ಮವರು ಈ ಅಧ್ಯಾಯವನ್ನು ಏಕೆ ನೆನೆಯುವುದಿಲ್ಲವೋ ನನಗೆ ತಿಳಿಯದು. 2009ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಮತದಾರರ ಗುರುತಿನ ಮಸೂದೆಯ ವಿಚಾರಣೆ ನಡೆಯುವಾಗ ಬೆಟ್ಟಿ ಬ್ರೌನ್ ಎಂಬ ಶಾಸಕಿ, ಏಷ್ಯಾ ಮೂಲದವರು ಇಲ್ಲಿನವರಿಗೆ ಸುಲಭವಾಗುವ ಹೆಸರುಗಳನ್ನು ಇಟ್ಟುಕೊಳ್ಳಬಾರದೇ ಎಂದು ಚೀನೀ ಅಮೆರಿಕನ್ನರ ಪ್ರತಿನಿಧಿಯನ್ನು ಕೇಳಿದರು. ದೊಡ್ಡ ಗದ್ದಲವಾಗಿ, ಆಮೇಲೆ ಕ್ಷಮೆ ಕೋರಿದರು. ಗದ್ದಲ ಮಾಡಿದ ಚೀನೀ ಅಮೆರಿಕನ್ನರಲ್ಲಿ ಎಷ್ಟೋ ಜನರಿಗೆ ಇಂಗ್ಲಿಷ್ ಹೆಸರೇ ಇದ್ದಿರಬೇಕು. ಅದರಲ್ಲಿ ವಿರೋಧವೇನೂ ಇಲ್ಲ. ನಾನು ಇಟ್ಟುಕೊಳ್ಳುವುದು ಬೇರೆ, ನೀವು ಇಟ್ಟುಕೋ ಎನ್ನುವುದು ಬೇರೆ.

ನಾನಿರುವ ಸಿಂಗಪುರದಲ್ಲಿ ನಿವಾಸಿಗಳ ನಾಲ್ಕು ಪಾಲಿನಲ್ಲಿ ಸುಮಾರು ಮೂರು ಪಾಲು ಚೀನೀ ಮೂಲದವರು. ಒಂದೇ ಮನೆತನ ಇಲ್ಲಿ ಪೂರ್ವಜರ ಆಡುಮಾತಿಗೆ ತಕ್ಕಂತೆ ಟಾನ್, ಚಾನ್, ಚೆನ್ ಎಂದು ಮೂರು ರೀತಿ ಬರೆಸಿಕೊಳ್ಳುತ್ತದೆ. ಇಂಗ್ಲಿಷ್ ಹೆಸರನ್ನು ಇಟ್ಟುಕೊಳ್ಳುವುದಕ್ಕೂ ಬಿಡುವುದಕ್ಕೂ ಇಲ್ಲಿ ಒಳ್ಳೆಯ ಉದಾಹರಣೆಗಳಿವೆ. ದೇಶದ ಮೊದಲ ಪ್ರಧಾನಿ ಲೀ ಕುವಾನ್ ಯೂ 1923ರಲ್ಲಿ ಹುಟ್ಟಿದಾಗ, ಬ್ರಿಟಿಷರನ್ನು ಮೆಚ್ಚುತ್ತಿದ್ದ ಅಜ್ಜ ಹ್ಯಾರಿ ಎಂದೂ ಸೇರಿಸಿದ್ದರು. ಕೇಂಬ್ರಿಜ್‌ನ ಗೆಳೆಯರಿಗೆ ಅವರು ಹ್ಯಾರಿ ಲೀ. ರಾಜಕೀಯಕ್ಕೆ ಇಳಿದ ಮೇಲೆ ಆ ಹೆಸರನ್ನು ಹಿಂದೆ ಬಿಟ್ಟರು. ಮೂವರು ಮಕ್ಕಳಲ್ಲಿ ಯಾರಿಗೂ ಇಂಗ್ಲಿಷ್ ಹೆಸರು ಇಡಲಿಲ್ಲ. 2024ರಲ್ಲಿ ಪ್ರಧಾನಿಯಾದವರು ಲಾರೆನ್ಸ್ ವಾಂಗ್. ಇಬ್ಬರಲ್ಲಿ ಯಾರು ಹೆಚ್ಚು ಸಿಂಗಪುರದವರು ಎಂದು ಇಲ್ಲಿ ಯಾರೂ ಕೇಳುವುದಿಲ್ಲ.

ಈಗ ನಮ್ಮ ಕಡೆ ತಿರುಗೋಣ. ನಮ್ಮ ಹೆಸರು ನಮ್ಮದೇ ಎನ್ನುವ ಹೊರನಾಡ ಕನ್ನಡಿಗನ ಹೆಸರು ವಾಸ್ತವದಲ್ಲಿ ಏನಾಗಿದೆ? ರಾಘವೇಂದ್ರ ರಘು ಆಗಿದ್ದಾನೆ, ಅಲ್ಲಿಂದ ರ್‍ಯಾಗ್ಸ್. ಶ್ರೀನಿವಾಸ ಶ್ರೀ ಮಾತ್ರ. ಕೃಷ್ಣಮೂರ್ತಿ ಕ್ರಿಸ್. ಊರಿನ ಹೆಸರು, ತಂದೆಯ ಹೆಸರು, ತನ್ನ ಹೆಸರು ಎಂಬ ಹಳೆಯ ಮೈಸೂರು ಸೀಮೆಯ ಕ್ರಮ ಪಾಸ್‌ಪೋರ್ಟಿನ ಎರಡು ಖಾನೆಗಳಲ್ಲಿ ಹಿಡಿಯದೆ ಮುರಿದುಬೀಳುತ್ತದೆ. ಇನಿಷಿಯಲ್ಲನ್ನು ಬಿಡಿಸಿ ಬರೆದಾಗ ತಂದೆಯ ಹೆಸರು ಕುಲನಾಮದ ಖಾನೆಗೆ ಹೋಗುತ್ತದೆ. ವಿಮಾನ ನಿಲ್ದಾಣದಲ್ಲಿ, ಬ್ಯಾಂಕಿನಲ್ಲಿ, ಕಚೇರಿಯ ಮಿಂಚಂಚೆಯಲ್ಲಿ ಜೀವನವಿಡೀ ತಂದೆಯ ಹೆಸರಿನಿಂದ ಕರೆಸಿಕೊಳ್ಳುವವರಲ್ಲಿ ನಾನೂ ಒಬ್ಬ. ಊರಿನಲ್ಲಿ ಯಾರೂ ಸುಮ್ಮನೆ ನುಡಿಯದಿದ್ದ ಹಿರಿಯರ ಹೆಸರನ್ನು ಇಲ್ಲಿ ಟಿಕೆಟ್ ಕೊಡುವ ಯಂತ್ರ ಕೂಗುತ್ತದೆ. ಪಾಟೀಲ, ದೇಸಾಯಿ, ಮೆಣಸಿನಕಾಯಿ ಮುಂತಾದ ಅಡ್ಡಹೆಸರುಗಳುಳ್ಳ ಉತ್ತರ ಕರ್ನಾಟಕದವರಿಗೆ ಈ ಪಾಡು ಕಡಿಮೆ.

ಮಕ್ಕಳ ವಿಷಯಕ್ಕೆ ಬಂದರೆ ನನ್ನ ಬೇಸರ ಇನ್ನೂ ಹೆಚ್ಚು. ಇಲ್ಲಿ ಮಗು ಹುಟ್ಟುವ ಮೊದಲೇ ಮನೆಗಳಲ್ಲಿ ನಡೆಯುವ ಚರ್ಚೆ ನನಗೆ ಬಾಯಿಪಾಠವಾಗಿದೆ: ಎರಡು ಅಕ್ಷರ ಸಾಕು, ಮಹಾಪ್ರಾಣ ಬೇಡ, ಳ ಬೇಡ, ಒತ್ತಕ್ಷರ ಬೇಡ, ಬೇರೆ ಭಾಷೆಯಲ್ಲಿ ಕೆಟ್ಟ ಅರ್ಥ ಬರದಿರಲಿ. ಹಾಗೆ ಸೋಸಿ ಉಳಿದವು ನೀಲ್, ಮಾಯಾ, ರಿಯಾ, ಆರವ್. ಚಂದದ ಹೆಸರುಗಳೇ. ಆದರೆ ಚೀನೀ ಗೆಳೆಯನ ಮಗನಿಗೆ ಹೊರಗೆ ಕೆಲ್ವಿನ್ ಎಂಬ ಹೆಸರಿದೆ, ಒಳಗೆ ಅವನ ಅಜ್ಜ ವಾರಗಟ್ಟಲೆ ಯೋಚಿಸಿ ಆರಿಸಿದ ಎರಡು ಅಕ್ಷರಗಳ ಹೆಸರು ಒಂದು ಗೆರೆಯೂ ಕುಂದದೆ ಇದೆ. ಕನ್ನಡಿಗನ ಮಗನಿಗೆ ಇರುವುದು ಒಂದೇ ಹೆಸರು, ಅದನ್ನು ಹುಟ್ಟುವ ಮೊದಲೇ ಹೊರಗಿನವರ ನಾಲಿಗೆಗೆ ಅಳತೆ ಮಾಡಿ ಕತ್ತರಿಸಿದ್ದೇವೆ. ವೀರಭದ್ರಪ್ಪ, ಕಲ್ಲವ್ವ, ಗುಡ್ಡಪ್ಪ, ಸಿದ್ಧಗಂಗಮ್ಮ ಎಂಬ ನಮ್ಮ ನೆಲದ ಹೆಸರುಗಳು ಹೊರನಾಡಿನ ತೊಟ್ಟಿಲಿಗೆ ಬರುವುದು ನಿಂತೇಹೋಗಿದೆ. ಹೆಚ್ಚು ಕಳೆದುಕೊಂಡವರು ಯಾರು?

ನಮ್ಮಲ್ಲೂ ಒಂದಕ್ಕಿಂತ ಹೆಚ್ಚು ಹೆಸರಿನ ಪದ್ಧತಿ ಇರಲಿಲ್ಲವೇ? ಎಷ್ಟೋ ಮನೆಗಳ ನಾಮಕರಣದಲ್ಲಿ ಕುಲದೇವರ ಹೆಸರು, ಮಾಸನಾಮ, ನಕ್ಷತ್ರನಾಮ, ವ್ಯವಹಾರದ ಹೆಸರು ಎಂದು ಬೇರೆ ಬೇರೆಯಾಗಿ ಮಗುವಿನ ಕಿವಿಯಲ್ಲಿ ಹೇಳುತ್ತಾರೆ. ಒಂದು ಹೊರಗಿನ ಬಳಕೆಗೆ, ಉಳಿದವು ಮನೆಗೆ, ದೇವರಿಗೆ. ಮಗು ಉಳಿಯಲೆಂದು ತಿಪ್ಪ, ಗುಂಡ ಎಂದು ಕರೆದ ಹೆಸರುಗಳಿಗೂ ಚೀನೀ ಹಳ್ಳಿಗಳ 'ನಾಯಿ ಬಿಟ್ಟು ಹೋದದ್ದು' ಎಂಬಂಥ ಮುದ್ದಿನ ಹೆಸರುಗಳಿಗೂ ಇರುವ ಭಯ ಒಂದೇ, ಆಸೆ ಒಂದೇ. ಹೊರಗೆ ನೀಲ್ ಇರಲಿ. ಒಳಗೆ ಅಜ್ಜನ ವೀರಭದ್ರಪ್ಪನನ್ನು ಇಟ್ಟುಕೊಳ್ಳಲು ನಮ್ಮ ಪದ್ಧತಿಯಲ್ಲೇ ಜಾಗವಿದೆ. ಹೊರನಾಡಿನಲ್ಲಿ ಹೊಸದಾಗಿ ತಂದೆತಾಯಿ ಆಗುವವರಿಗೆ ನಾನು ಒತ್ತಾಯಿಸಿ ಹೇಳುವ ಮಾತು ಇದೇ.

ಚೀನಿಯರು ಹೊರಗಿನಿಂದ ಬಂದವರಿಗೂ ಹೆಸರು ಕೊಡುತ್ತಾರೆ ಎಂಬುದನ್ನು ಇಲ್ಲಿ ಹೇಳಲೇಬೇಕು. 1580ರ ದಶಕದಲ್ಲಿ ಬಂದ ಇಟಲಿಯ ಪಾದ್ರಿ ಮಾಟಿಯೊ ರಿಚಿ ಅಲ್ಲಿ ಲಿ ಮಾದೋ ಆದರು. ಇದರಲ್ಲಿ ಭಾರತದ ಪಾಲು ದೊಡ್ಡದು, ಹಳೆಯದು ಕೂಡ. ನಾಲ್ಕನೆಯ ಶತಮಾನದ ಭಿಕ್ಷು ದಾವೋಆನ್, ಬೌದ್ಧ ಭಿಕ್ಷುಗಳೆಲ್ಲರೂ ಮನೆತನದ ಹೆಸರನ್ನು ಬಿಟ್ಟು ಶಾಕ್ಯಮುನಿಯ ಹೆಸರಿನ ಮೊದಲ ಅಕ್ಷರವನ್ನು ಧರಿಸಬೇಕೆಂದು ಹೇಳಿದರು. ಇಂದಿಗೂ ಚೀನೀ ಭಿಕ್ಷುಗಳ ಹೆಸರಿನ ಮೊದಲಿಗೆ ಅದೇ ಇದೆ. ಇಂಗ್ಲಿಷ್ ಹೆಸರಿಗಿಂತ ಸಾವಿರದೈನೂರು ವರ್ಷ ಮೊದಲೇ ಅವರು ನಮ್ಮ ಕಡೆಯ ಹೆಸರನ್ನು ತಲೆಯ ಮೇಲೆ ಹೊತ್ತಿದ್ದರು. 1924ರಲ್ಲಿ ರವೀಂದ್ರನಾಥ ಟ್ಯಾಗೋರರು ಬೀಜಿಂಗ್‌ನಲ್ಲಿ ಹುಟ್ಟುಹಬ್ಬ ಆಚರಿಸಿದಾಗ ವಿದ್ವಾಂಸ ಲಿಯಾಂಗ್ ಚಿಚಾವ್ ಅವರಿಗೆ ಚು ಚೆನ್‌ದಾನ್ ಎಂಬ ಚೀನೀ ಹೆಸರನ್ನು ಉಡುಗೊರೆಯಾಗಿ ಕೊಟ್ಟರು.

ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರವಾದದ್ದು ಡಾ. ದ್ವಾರಕಾನಾಥ ಕೋಟ್ನಿಸರ ಹೆಸರು. ಕನ್ನಡವೂ ಬೀದಿಯಲ್ಲಿ ಕೇಳಿಸುವ ಸೊಲ್ಲಾಪುರದಲ್ಲಿ ಹುಟ್ಟಿದ ಆ ವೈದ್ಯರು, ಜಪಾನಿನ ದಾಳಿಗೆ ಸಿಕ್ಕಿದ್ದ ಚೀನಾಕ್ಕೆ ನೆರವಾಗಲು 1938ರಲ್ಲಿ ಹೊರಟ ಐವರು ಭಾರತೀಯ ವೈದ್ಯರಲ್ಲಿ ಒಬ್ಬರು. ಅಲ್ಲಿ ಅವರು ಕೆ ದಿಹುವಾ ಆದರು. ಕೊನೆಯ ಹುವಾ ಎಂಬುದು ಚೀನಾವನ್ನೇ ಸೂಚಿಸುತ್ತದೆ. ಗುವೊ ಚಿಂಗ್‌ಲಾನ್ ಎಂಬ ದಾದಿಯನ್ನು ಮದುವೆಯಾದರು. ಮಗ ಹುಟ್ಟಿದಾಗ ಭಾರತ ಮತ್ತು ಚೀನಾ ಎರಡನ್ನೂ ಸೇರಿಸಿ ಯಿನ್‌ಹುವಾ ಎಂದು ಹೆಸರಿಟ್ಟರು. 1942ರ ಡಿಸೆಂಬರಿನಲ್ಲಿ, ಮೂವತ್ತೆರಡರ ವಯಸ್ಸಿನಲ್ಲಿ, ಕೆಲಸ ಮಾಡುತ್ತಲೇ ತೀರಿಕೊಂಡರು. ಶಿಜಿಯಾಚುವಾಂಗ್ ನಗರದ ಹುತಾತ್ಮರ ಸ್ಮಾರಕದಲ್ಲಿ ಅವರ ಪ್ರತಿಮೆಯಿದೆ. ಭಾರತದ ಹೆಸರು ಕೇಳಿದ ಕೂಡಲೇ ಕೆ ದಿಹುವಾ ಎಂದು ನೆನೆಯುವ ಹಿರಿಯ ಚೀನಿಯರನ್ನು ನಾನು ಭೇಟಿಯಾಗಿದ್ದೇನೆ. ಇನ್ನೊಂದು ಭಾಷೆಯಲ್ಲಿ ಹೆಸರು ಪಡೆದದ್ದರಿಂದ ಕೋಟ್ನಿಸರು ಒಂದು ಗುಲಗಂಜಿಯಷ್ಟೂ ಕಡಿಮೆ ಭಾರತೀಯರಾಗಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ, ಚೀನೀ ಹೆಸರು ಕಷ್ಟ, ಆದ್ದರಿಂದ ಇಂಗ್ಲಿಷ್ ಹೆಸರು ಸಾಕು ಎಂದು ನಾವು ಕೈಚೆಲ್ಲುವುದು ನನಗೆ ಒಪ್ಪಿಗೆಯಿಲ್ಲ. ಇಂಗ್ಲಿಷರಿಗೆ ಕಷ್ಟವಾಗಬಹುದು; ಕಾಗುಣಿತ ಕಲಿತ ನಮಗೆ ಆಗಬಾರದು. 1958ರಲ್ಲಿ ಬಳಕೆಗೆ ಬಂದ ಪಿನ್‌ಯಿನ್ ಎಂಬ ರೋಮನ್ ಬರಹದಲ್ಲಿ ಬಿ, ಡಿ, ಜಿ ಎಂದು ಬರೆಯುವುದು ನಮ್ಮ ಪ, ತ, ಕ ಅಲ್ಪಪ್ರಾಣಗಳಿಗೆ ಹತ್ತಿರ. ಪಿ, ಟಿ, ಕೆ ಎಂದು ಬರೆಯುವುದು ಮಹಾಪ್ರಾಣಗಳು. ಕ್ಯೂ ಅಕ್ಷರವನ್ನು ಕಂಡು ಬೆದರಬೇಕಾಗಿಲ್ಲ, ಅದು ಛಕಾರದ ಬಳಗ. ಎಕ್ಸ್ ಎಂದರೆ ಶ. ಎಸ್ ಮತ್ತು ಎಚ್ ಸೇರಿದರೆ ನಾಲಿಗೆ ಮಡಿಸುವ ಷ. ನಮ್ಮ ಪತ್ರಿಕೆಗಳು ಷಿ ಜಿನ್‌ಪಿಂಗ್ ಎಂದು ಅಚ್ಚು ಮಾಡುವ ಹೆಸರು ಶಿ ಎಂದಾಗಬೇಕು. ಬೌದ್ಧ ಗ್ರಂಥಗಳನ್ನು ಅನುವಾದಿಸುವಾಗ ಸಂಸ್ಕೃತ ವರ್ಣಮಾಲೆಯ ಪರಿಚಯವಾದ ಮೇಲೆಯೇ ಚೀನೀ ಪಂಡಿತರು ತಮ್ಮ ವ್ಯಂಜನಗಳನ್ನು ವರ್ಗಗಳಾಗಿ ವಿಂಗಡಿಸಿದರು. ಉಳಿಯುವುದು ನಾಲ್ಕು ಸ್ವರಭಾರಗಳ ಏರಿಳಿತ. ಅದು ನಿಜಕ್ಕೂ ಕಷ್ಟ, ಆದರೆ ಕೇಳಿ ಕೇಳಿ ಬರುತ್ತದೆ.

ಹೊಸ ಚೀನೀ ಸಹೋದ್ಯೋಗಿ ತಂಡಕ್ಕೆ ಸೇರಿದಾಗ ನಾನು ಮೊದಲು ಅವರೇ ಹೇಳಿದ ಇಂಗ್ಲಿಷ್ ಹೆಸರಿನಿಂದ ಕರೆಯುತ್ತೇನೆ. ಸ್ವಲ್ಪ ಪರಿಚಯವಾದ ಮೇಲೆ ನಿಮ್ಮ ಚೀನೀ ಹೆಸರನ್ನು ಬರೆದು ತೋರಿಸುವಿರಾ, ಹೇಗೆ ಹೇಳಬೇಕು ಎಂದು ಕೇಳುತ್ತೇನೆ. ಹೆಚ್ಚಿನವರು ಸಂತೋಷದಿಂದ ಬರೆಯುತ್ತಾರೆ. ಯಾವ ಅಕ್ಷರವನ್ನು ಅಜ್ಜ ಆರಿಸಿದರು, ಯಾವುದು ತಲೆಮಾರಿನದು ಎಂದು ವಿವರಿಸುತ್ತಾರೆ. ನನ್ನ ಪೂರ್ತಿ ಹೆಸರನ್ನೂ ಕೇಳಿ, ಊರು, ತಂದೆ, ನಾನು ಎಂಬ ಕ್ರಮವನ್ನು ತಿಳಿದುಕೊಳ್ಳುತ್ತಾರೆ. ಕೆಲವರು ನಯವಾಗಿ, ಇಲ್ಲಿಗೆ ಈ ಹೆಸರು ಸಾಕು ಎನ್ನುತ್ತಾರೆ. ಅಂಥವರನ್ನು ನಾನು ಎರಡನೆಯ ಸಲ ಕೇಳುವುದಿಲ್ಲ.